ಉಪಗ್ರಹ ಮುಳುಗುವ ಮುನ್ನ

ಕೆಲಸ ಹೇಳುವುದಕ್ಕೇನೋ ಸುಲಭ. ಮಧ್ಯಾಹ್ನದೊಳಗೆ ಬೆಟ್ಟದ ನೆತ್ತಿ ಹತ್ತಬೇಕು, ಕಡಲಿನ ಕಡೆಗೆ ಆಂಟೆನಾ ಹಿಡಿಯಬೇಕು, ಉಪಗ್ರಹವೊಂದು ದಿಗಂತದಲ್ಲಿ ತಲೆಯೆತ್ತಿ ಮುಳುಗುವಷ್ಟರಲ್ಲಿ ಅದರ ಮೂಲಕ ದೂರದ ದ್ವೀಪವೊಂದರ ಜೊತೆ ಮಾತಾಡಬೇಕು. ಹವ್ಯಾಸಿ ರೇಡಿಯೋ ಕ್ಲಬ್ಬಿನಲ್ಲಿ ಯಾರೂ ಅಷ್ಟು ದೂರ ಮುಟ್ಟಿರಲಿಲ್ಲ. ನೆತ್ತಿಯಿಂದಲೂ ಎರಡು ಕಡೆಯವರಿಗೆ ಉಪಗ್ರಹ ಒಟ್ಟಿಗೆ ಸಿಗುವುದು ಒಂದೆರಡು ನಿಮಿಷ ಮಾತ್ರ.

ಕ್ಲಬ್ಬಿಗೆ ಬೇಕಾಗಿದ್ದುದು ದಾಖಲೆ. ಅಣ್ಣನಿಗೆ ಬೇಕಾಗಿದ್ದುದು ತಮ್ಮನ ದನಿ.

ಅಣ್ಣ ವೆಲ್ಡರ್. ಗ್ಯಾರೇಜಿನ ಗದ್ದಲದಲ್ಲಿ ಕೂಗಿ ಕೂಗಿ ಪಳಗಿದ ಗಂಟಲು ಮನೆಗೆ ಬಂದರೂ ಇಳಿಯುತ್ತಿರಲಿಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಗ, ಆಪರೇಷನ್ ಬೇಡ ಎನ್ನಲು ತಮ್ಮನು ಬಾಯಿ ತೆರೆದಾಗಲೆಲ್ಲ ಇವನು ಮುಚ್ಚಿಸಿದ್ದ. ಆಪರೇಷನ್ ಆಯಿತು, ಅಮ್ಮ ಉಳಿಯಲಿಲ್ಲ. ದ್ವೀಪದ ಹವಾಮಾನ ಕೇಂದ್ರದಲ್ಲಿ ಕೆಲಸ ಹಿಡಿದು ಹೋದ ತಮ್ಮ ಅಣ್ಣನ ಫೋನು ಎತ್ತಿದ್ದೇ ಇಲ್ಲ.

ಆದರೆ ತಮ್ಮನೂ ರೇಡಿಯೋ ಹವ್ಯಾಸಿಯೇ, ಹವ್ಯಾಸಿಗಳಲ್ಲಿ ಒಂದು ರೂಢಿಯಿದೆ. ಗಾಳಿಯಲ್ಲಿ ಕರೆದವರು ಯಾರೇ ಆಗಲಿ, ಓಗೊಡಬೇಕು. ಲಿಫ್ಟ್ ಮೆಕ್ಯಾನಿಕ್ ಆಗಿದ್ದ ತಂಗಿಗೆ ಇಬ್ಬರ ನಡುವೆ ಸಿಕ್ಕಿ ಸಾಕುಸಾಕಾಗಿತ್ತು. ಅವಳು ಆ ರೂಢಿಯನ್ನೇ ಹಿಡಿದುಕೊಂಡು, ತನಗೆ ಚಿಕ್ಕಣ್ಣನಾದ ಆ ತಮ್ಮನಿಗೆ ಫೋನು ಮಾಡಿದ್ದಳು.

"ಕರೀಲಿ, ಬರ್ತೀನಿ," ಎಂದಿದ್ದ ಅವನು. "ಅವನಿಗೆ ಹೇಳೋದು ನನಗೂ ಒಂದಿದೆ."

ತಂಡದ ಮೂರನೆಯವನು ಕ್ಲಬ್ಬಿನ ಕಾರ್ಯದರ್ಶಿ. ಹೊಟ್ಟೆಪಾಡಿಗೆ ಬಸ್ ಓಡಿಸುತ್ತಿದ್ದ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಗಡ್ಡ ಎಂದು. ಬ್ಯಾಟರಿ ಹೊತ್ತವನು ಅವನೇ.

ಬೆಟ್ಟದ ಬುಡದಲ್ಲಿ ಬಿಸಿಲು ನೆಲ ಮುಟ್ಟದಂಥ ಕಾಡು. ಅದು ಮುಗಿಯುತ್ತಿದ್ದಂತೆ ಮೊಣಕಾಲುದ್ದದ ಹುಲ್ಲು, ಹುಲ್ಲಿನ ಮೇಲೆ ಬೋಳುಬಂಡೆ, ಬಂಡೆಯ ಮೇಲೆ ಗಾಳಿ. ಎರಡು ಕಡೆಗೂ ಪ್ರಪಾತ ಬಾಯಿ ತೆರೆದಿದ್ದ ಬೆಟ್ಟದ ಕಿರಿದಾದ ಏಣಿನ ಮೇಲೆ ಒಬ್ಬರ ಹಿಂದೊಬ್ಬರು ಹಗ್ಗ ಕಟ್ಟಿಕೊಂಡು ನಡೆಯಬೇಕಿತ್ತು. ದೂರದಲ್ಲಿ ಕಡಲು ತಗಡಿನ ಹಾಗೆ ಹೊಳೆಯುತ್ತಿತ್ತು.

"ಬಸ್ಸಲ್ಲಿ ಕೂತ್ಕೊಂಡು ಬದುಕೋನು ನಾನು. ನನಗ್ಯಾಕೆ ಬೇಕಿತ್ತು ಈ ಉಸಾಬರಿ?" ಗಡ್ಡ ಏದುಸಿರು ಬಿಟ್ಟ.

"ಬಾಯಿ ಮುಚ್ಕೊಂಡು ಹೆಜ್ಜೆ ನೋಡ್ಕೊಂಡು ಬಾ!" ಅಣ್ಣ ಗದರಿದ.

ಅಷ್ಟರಲ್ಲಿ ಗಾಳಿ ನುಗ್ಗಿತು.

ತಂಗಿಯ ಬೆನ್ನಿನ ಆಂಟೆನಾ ಗಾಳಿಗೆ ಸಿಕ್ಕಿ ತಿರುಗಿತು. ಅವಳೂ ತಿರುಗಿದಳು. ಕಾಲು ಜಾರಿತು.

ಹಗ್ಗ ಬಿಗಿಯಿತು. ಅಣ್ಣ ಬಂಡೆಗೆ ಬೆನ್ನು ಕೊಟ್ಟು ಕೂತ. ಹಗ್ಗ ಅವನ ಅಂಗೈಯ ಚರ್ಮ ಸುಲಿದುಕೊಂಡು ಓಡಿತು. ಅವನು ಬಿಡಲಿಲ್ಲ.

"ಎಳಿ, ಗಡ್ಡ! ಎಳಿ!"

ಇಬ್ಬರೂ ಸೇರಿ ಮೇಲಕ್ಕೆಳೆದರು. ಅವಳು ಮೊದಲು ನೋಡಿದ್ದು ಆಂಟೆನಾ ಮುರಿಯಿತೇ ಎಂದು. ಮುರಿದಿರಲಿಲ್ಲ.

ನೆತ್ತಿ ತಲುಪಿದಾಗ ಹೊತ್ತು ಕಮ್ಮಿಯಿತ್ತು. ಗಡ್ಡ ದಿಕ್ಸೂಚಿ ಹಿಡಿದು ದಿಕ್ಕು ತೋರಿಸಿದ. ತಂಗಿ ಎರಡೂ ಕೈಯಲ್ಲಿ ಆಂಟೆನಾ ಎತ್ತಿ ನಿಂತಳು, ಅವಳ ಕಿವಿಗೊಂದು ಇಯರ್‌ಫೋನು. ಅಣ್ಣ ಹೆಡ್‌ಫೋನು ಹಾಕಿಕೊಂಡು ರೇಡಿಯೋ ಮುಂದೆ ಕೂತ.

"ಅಣ್ಣಾ, ಪವರ್ ಕಮ್ಮಿ ಇರ್ಲಿ. ಜಾಸ್ತಿ ಮಾಡಿದ್ರೆ ಉಪಗ್ರಹ ತನ್ನ ಬಲಾನೆಲ್ಲ ನಿನಗೇ ಕೊಟ್ಬಿಡುತ್ತೆ. ಚಿಕ್ಕಣ್ಣನ ದನಿ ಅಡಗಿಹೋಗುತ್ತೆ."

"ಗೊತ್ತು ಕಣೇ, ನನಗೇ ಪಾಠ ಹೇಳ್ತೀಯಾ?"

ಅಣ್ಣ ತನ್ನ ಕರೆಸಂಕೇತ, ಗಾಳಿಯಲ್ಲಿ ತನ್ನನ್ನು ಗುರುತಿಸುವ ಅಕ್ಷರಗಳನ್ನು, ಹೇಳಿ ತಮ್ಮನನ್ನು ಕರೆದ. ಇಯರ್‌ಫೋನಿನಲ್ಲಿ ಬರೀ ಸೊಯ್ಯೆನ್ನುವ ಸದ್ದು. ಆಮೇಲೆ ಆ ಸದ್ದಿನೊಳಗಿಂದ ಸಣ್ಣ ದನಿಯೊಂದು ಎದ್ದಿತು. ತಮ್ಮನು ಅಣ್ಣನ ಕರೆಸಂಕೇತವನ್ನು ಸಾವಕಾಶವಾಗಿ ಹೇಳುತ್ತಿದ್ದ. ಅದು ಮುಗಿಸಿ, "ಅಣ್ಣಾ..." ಎಂದ.

ಅಷ್ಟೇ ಸಾಕಾಯಿತು. ಅಣ್ಣನ ರಕ್ತ ಮೆತ್ತಿದ ಕೈ ತಾನಾಗಿ ಪವರ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿತು.

"ಐದು ಒಂಬತ್ತು! ಸ್ಪಷ್ಟವಾಗಿ ಕೇಳಿಸ್ತಿದೀಯ! ಮೊದ್ಲು ನಾನು ಹೇಳೋದು ಕೇಳು! ತಪ್ಪು ನಂದೇ ಕಣೋ! ನೀನು ಹೇಳಿದ್ದೇ ಸರಿಯಾಗಿತ್ತು, ನಾನು ಕೇಳಿಸ್ಕೊಳ್ಳಲಿಲ್ಲ! ಅಮ್ಮನ ವಿಷಯದಲ್ಲಿ ನಾನು..."

ತಂಗಿಯ ಕಿವಿಯಲ್ಲಿ ಈಗ ಅಣ್ಣನ ದನಿಯೊಂದೇ. ಅದರಡಿಯಲ್ಲಿ ಚಿಕ್ಕಣ್ಣನೂ ಮಾತಾಡುತ್ತಿದ್ದ. ಮಾತಾಡುತ್ತಿದ್ದಾನೆಂದು ಗೊತ್ತಾಗುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ.

"ಪವರ್ ಇಳಿಸು! ಅವನು ಮಾತಾಡ್ತಿದಾನೆ!"

ಹೆಡ್‌ಫೋನು ಹಾಕಿದವನಿಗೆ ಎಲ್ಲಿಂದ ಕೇಳಬೇಕು? ಅವನು ಕಣ್ಣು ಮುಚ್ಚಿ, ಅಳುತ್ತ, ಕ್ಷಮೆ ಕೇಳುತ್ತಿದ್ದ. ಲೋಕದಲ್ಲಿ ಯಾರೂ ಅಷ್ಟು ಜೋರಾಗಿ ಕ್ಷಮೆ ಕೇಳಿರಲಾರರು.

"ಗಡ್ಡ, ಮೈಕಿನ ವೈರು ಕೀಳು!"

ಗಡ್ಡ ಕಿತ್ತ. ದನಿ ನಿಂತಿತು. ಖಾಲಿಯಾದ ಜಾಗದಲ್ಲಿ ತಮ್ಮನ ದನಿ ತಿಳಿಯಾಗಿ ಕೇಳಿಸಿತು.

"...ಅಷ್ಟೇ ಅಣ್ಣಾ, ಹೇಳಬೇಕಾಗಿದ್ದು. ನಿನಗೂ ಐದು ಒಂಬತ್ತು."

ಉಪಗ್ರಹ ಮುಳುಗಿತು.

ಇಳಿಯುವ ದಾರಿ ಹತ್ತಿದ್ದಕ್ಕಿಂತ ಕೆಟ್ಟದಾಗಿತ್ತು. ಗಡ್ಡನ ಕಾಲು ಉಳುಕಿತು. ಅಣ್ಣ ಬಟ್ಟೆ ಸುತ್ತಿದ ಕೈಯಲ್ಲೇ ಹಗ್ಗ ಹಿಡಿದು ಇಬ್ಬರನ್ನೂ ಇಳಿಸಿದ.

ಕೆಳಗೆ ವ್ಯಾನಿನ ಹತ್ತಿರ ಕ್ಲಬ್ಬಿನವರು ಕಾದಿದ್ದರು. ಕರೆಸಂಕೇತ, ದನಿ ಎಷ್ಟು ಚೆನ್ನಾಗಿ ಕೇಳಿಸಿತೆಂಬ ಐದು ಒಂಬತ್ತರ ವರದಿ ಎರಡೂ ಕಡೆಯಿಂದ ಆಗಿತ್ತು, ಸಂಪರ್ಕ ಊರ್ಜಿತ. ಕ್ಲಬ್ಬಿನಲ್ಲಿ ಅಷ್ಟು ದೂರ ಮುಟ್ಟಿದವರು ಇವರೇ ಮೊದಲಿಗರು. ಗಡ್ಡನ ಬೆನ್ನು ತಟ್ಟಿದರು. ಕುಂಟುತ್ತಿದ್ದರೂ ಅವನ ಮುಖ ಅರಳಿತು.

ತಂಗಿ ವ್ಯಾನಿನ ಮರೆಗೆ ಹೋಗಿ ದ್ವೀಪಕ್ಕೆ ಫೋನು ಮಾಡಿದಳು.

"ಚಿಕ್ಕಣ್ಣಾ, ನೀನು ಹೇಳಿದ್ದು ನಮಗೆ ಕೇಳಿಸಲಿಲ್ಲ. ಅಣ್ಣ ಹೇಳಿದ್ದು ನಿನಗೆ ಕೇಳಿಸ್ತಾ?"

"ಕೇಳಿಸ್ತು. ಅವನದು ಯಾವಾಗ ಕೇಳಿಸಿಲ್ಲ?"

"ನೀನು ಇನ್ನೊಂದ್ಸಲ ಹೇಳೋ. ನನಗಾದ್ರೂ ಹೇಳು."

"ಒಂದ್ಸಲ ಹೇಳೋಕೇ ಇಷ್ಟು ವರ್ಷ ಬೇಕಾಯ್ತು ಕಣಮ್ಮ. ಮತ್ತೆ ಆಗಲ್ಲ," ಎಂದು ಫೋನಿಟ್ಟ.

ಅವಳು ತಿರುಗಿದಾಗ ಅಣ್ಣ ಹಿಂದೆಯೇ ನಿಂತಿದ್ದ.

"ಏನಂದ?"

"ನೀನು ಹೇಳಿದ್ದು ಕೇಳಿಸ್ತಂತೆ."

ಅವಳು ಮುಂದೇನೋ ಹೇಳುತ್ತಾಳೆಂದು ಅವನು ಕಾದ. ನಡುವೆ ಬಾಯಿ ಹಾಕಲಿಲ್ಲ, ಅವಸರ ಮಾಡಲಿಲ್ಲ. ಹುಟ್ಟಿದಾಗಿನಿಂದ ಅವಳು ನೋಡಿರದ ತಾಳ್ಮೆ ಅದು. ಅವನಿಗೆ ಹೇಳಲು ಅವಳ ಹತ್ತಿರ ಇನ್ನೇನೂ ಇರಲಿಲ್ಲ.