ಮಧು ಐದು ಸಾಕು

ಗಂಡ ಅಮರೇಶನನ್ನು ಮಣ್ಣು ಮಾಡಿ ಹನ್ನೆರಡು ದಿನ. ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಮಧುಶ್ರೀ ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಬೆರೆಸಿದಳು. ಒಂದನ್ನು ಕುಡಿದಳು. ಇನ್ನೊಂದು ಕೆನೆಗಟ್ಟುವುದನ್ನು ನೋಡುತ್ತ ಕೂತಳು. ಅಳು ಬರಲಿಲ್ಲ.

ಬಾಗಿಲಲ್ಲಿ ರಾಜೇಶ್ ನಿಂತಿದ್ದ, ಅಮರೇಶನ ಲ್ಯಾಬಿನ ಜೊತೆಗಾರ. ಕೈಯಲ್ಲಿ ಅಮರೇಶನ ನೋಟ್‌ಬುಕ್.

"ಅತ್ತಿಗೆ, ಮೂರು ಸಲ ಮಾಡಿದೆ, ಬರ್ತಿಲ್ಲ. ಅವನ ಪೊರೆ ಮಲ್ಲಿಗೆ ಎಸಳಿನ ಹಾಗಿತ್ತು. ನಂದು ಹಪ್ಪಳ, ಮುಟ್ಟಿದ್ರೆ ಮುರಿಯುತ್ತೆ. ಶುಕ್ರವಾರದೊಳಗೆ ಮಾಡಿ ತೋರಿಸದಿದ್ರೆ ಪೇಪರಿನಿಂದ ಅವನ ಕೆಲಸ ತೆಗೀತೀನಿ ಅಂದ್ರು ಗೈಡು."

ಅಮರೇಶ್ ಮೂರು ವರ್ಷ ಮಾಡಿದ್ದು ಇದೊಂದೇ ಕೆಲಸ. ಸಿರಿಂಜಿನ ದ್ರಾವಣಕ್ಕೆ ಸಾವಿರಾರು ವೋಲ್ಟ್ ಕೊಟ್ಟು, ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ತೆಗೆದು, ಗಾಯ ಮಾಯಿಸುವ ಪೊರೆ ಹೆಣೆಯುವುದು.

"ಇದರಲ್ಲಿ ಎಲ್ಲ ಬರೆದಿರ್ತಾರಲ್ಲ?"

"ಬರೆದಿದ್ದಾನೆ. ನಡುನಡುವೆ ನಿಮ್ಮ ವಿಷಯ ಬರುತ್ತೆ. ಅದನ್ನ ಬಿಟ್ಟು ಓದಿದೆ." ಅವನ ಕಿವಿ ಕೆಂಪಾಯಿತು.

ಅವಳು ಪುಟ ತೆರೆದಳು. 'ಮಧು ಸೇರಿದ ಮೇಲೆ ಮೃದು.' ಕೆಳಗೆ, 'ಮಧು ಐದು ಸಾಕು. ಹತ್ತಾದರೆ ಎಳೆ ಕಡಿಯುತ್ತೆ.'

"ಐದು ಅಂದ್ರೆ ಏನಂದುಕೊಂಡೆ?"

"ಫೋನಲ್ಲಿ ಐದು ನಿಮಿಷ. ಹತ್ತಾದ್ರೆ ಜಗಳ ಅಂತ..."

ಅವಳ ಗಂಟಲಿನಿಂದ ನಗುವಿನಂಥದ್ದೇನೋ ಹೊರಬಿತ್ತು. ಎರಡು ತಿಂಗಳ ಹಿಂದೆ ಅಮರೇಶ್ ಕೆಳಗಿನ ಮನೆಯ ಓನರ್ ಅಂಬುಜಮ್ಮನ ಹತ್ತಿರ ಒಂದು ಹಾರ್ಲಿಕ್ಸ್ ಬಾಟ್ಲಿ ತುಂಬ ಜೇನುತುಪ್ಪ ಕಡ ತಂದಿದ್ದ.

"ನೋಟ್‌ಬುಕ್ಕಲ್ಲಿ ನಿನ್ನ ಹೆಸರೇ ಬರೆಯೋದು," ಎಂದಿದ್ದ, ಓರೆಗಣ್ಣಲ್ಲಿ ನೋಡುತ್ತ.

"ಜೇನುತುಪ್ಪ ಅಂತ ಬರೀರಿ. ಯಾರಾದ್ರೂ ಓದಿದ್ರೆ?"

"ಜೇನುತುಪ್ಪ ಅಂದ್ರೆ ಬರೀ ಕೈ ಅಂಟುತ್ತೆ ಕಣೇ."

ಮಧುಶ್ರೀ ಎದ್ದು ಚಪ್ಪಲಿ ಮೆಟ್ಟಿದಳು.

"ಬಾಟ್ಲಿ ಎಲ್ಲಿದೆ?"

"ಲ್ಯಾಬಲ್ಲಿ, ಅವನ ಬೀರುವಿನಲ್ಲಿ. ಮೇಲೆ ಮಧು ಅಂತ ಚೀಟಿ. ನೀವು ಕಳಿಸಿದ್ದು ಅಂತ ಮುಟ್ಟಲಿಲ್ಲ."

"ನಾನು ಎಂಎಸ್ಸಿ ಓದಿದ್ದು ಕಾಫಿ ಬೆರೆಸೋಕಲ್ಲ. ನಡಿ."

ಬುಧವಾರ ಎಳೆ ಕಡಿಯಿತು. ಗುರುವಾರವೂ ಕಡಿಯಿತು. "ಸಾಕು ಬಿಡಿ ಅತ್ತಿಗೆ," ಎಂದ ರಾಜೇಶ್. ಅವಳು ಬಿಡಲಿಲ್ಲ. ಬಾಟ್ಲಿಯನ್ನು ಬೆಳಕಿಗೆ ಹಿಡಿದಾಗ ಕಂಡಿತು: ಜೇನುತುಪ್ಪ ಹರಳುಗಟ್ಟಿತ್ತು. ಶುಕ್ರವಾರ ಅದನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ನೂರಕ್ಕೆ ಐದರಂತೆ ತೂಗಿ ಬೆರೆಸಿದಳು. ಸೂಜಿಯ ತುದಿಯಿಂದ ಏನೂ ಹೊರಟಂತೆ ಕಾಣಲಿಲ್ಲ. ಎಳೆ ಬಂದು ಕೂರುವ ಎದುರಿನ ಲೋಹದ ಹಾಳೆ ಮಾತ್ರ ಮೆಲ್ಲಗೆ ಬೆಳ್ಳಗಾಯಿತು.

ಗೈಡು ಪೊರೆಯನ್ನು ಬೆರಳಿಗೆ ಸುತ್ತಿದರು. ಮುರಿಯಲಿಲ್ಲ. "ಅಮರೇಶನ ಹೆಸರೇ ಮೊದಲು ಇರಲಿ," ಎಂದರು.

ರಾಜೇಶ್ ನೋಟ್‌ಬುಕ್ಕಿನ ಕೊನೆಯ ಸಾಲು ತೋರಿಸಿದ. 'ಮಧು ಎಷ್ಟಾದರೂ ಸಾಲದು.'

"ಇದು ಎಷ್ಟು ಪರ್ಸೆಂಟು ಅತ್ತಿಗೆ?"

"ಇದು ಜೇನುತುಪ್ಪ ಅಲ್ಲ," ಎಂದಳು. "ಇದು ನಾನು." ಆಗ ಅಳು ಬಂತು.

ಸಂಜೆ ಬಾಟ್ಲಿ ತೊಳೆದು ಒರೆಸಿ ಕೆಳಗಿಳಿದಳು.

"ಅಯ್ಯೋ ಬುಡವ್ವ, ಒಂದು ಬಾಟ್ಲಿಗೆ ಯಾಕಿಷ್ಟು!" ಎಂದರು ಅಂಬುಜಮ್ಮ.

"ಕಡ ತಂದಿದ್ದಲ್ವಾ. ಬರೀ ಬಾಟ್ಲಿ ಕೊಡಬಾರದು ಅಂತ, ಒಳಗೆ ಒಂದು ಚೂರು ಇಟ್ಟಿದ್ದೀನಿ."

ಅಂಬುಜಮ್ಮ ಕಣ್ಣು ಕಿರಿದು ಮಾಡಿ ಇಣುಕಿದರು. "ಮಲ್ಲಿಗೆ ಎಸಳಾ?"

"ನಿಮ್ಮ ಜೇನುತುಪ್ಪ," ಎಂದಳು ಮಧುಶ್ರೀ. "ನಮ್ಮನೆಯವರು ಹೆಣೆದಿದ್ದು."