ಪೈನ್ ಇದ್ದ ಜಾಗದಲ್ಲಿ ಗಾಳಿಮರ

ಅಕ್ಟೋಬರ್‌ನ ಒಂದು ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ, ರಾಘವನ ಮನೆಯಂಗಳದಲ್ಲಿ ವಿಭಾ ನೆಟ್ಟಿದ್ದ ಹಿಮಾಲಯದ ಚಿರ್ ಪೈನ್ ಗಿಡ ಇರಲಿಲ್ಲ. ಅದೇ ಕುಣಿಯಲ್ಲಿ ಬೇರೊಂದು ಗಿಡ ಹಸಿರಾಗಿ ನಿಂತಿತ್ತು.

ವಿಭಾ ಸೂಜಿಯಂಥ ಎಲೆಯೊಂದನ್ನು ಕಿತ್ತು ಎಳೆದಳು. ಗಿಣ್ಣುಗಿಣ್ಣಾಗಿ ಕಳಚಿತು. ಪೈನ್ ಆಗಿದ್ದರೆ ಒಂದೇ ಬುಡದಿಂದ ಮೂರು ಸೂಜಿ ಜೊತೆಯಾಗಿ ಬರಬೇಕಿತ್ತು.

"ಇದು ಗಾಳಿಮರ, ರಾಘವ್."

ಅವಳಿಗೆಂದು ಕಾಫಿ ತಂದಿದ್ದ ರಾಘವ ನಿಂತಲ್ಲೇ ನಿಂತ. "ತಮಾಷೆ ಮಾಡ್ಬೇಡಿ."

ಅವಳು ತಮಾಷೆ ಮಾಡುತ್ತಿರಲಿಲ್ಲ. ಫೆಬ್ರವರಿಯಲ್ಲಿ ಅವನು ಮದುವೆಯ ಮಾತೆತ್ತಿದಾಗ, ವಡೋದರಾದ ಗೋರ್ವಾದಲ್ಲಿ ನರ್ಸರಿ ನಡೆಸುವ ವಿಭಾ ಆ ಪೈನ್ ತಂದು ನೆಟ್ಟಿದ್ದಳು. "ಮಣ್ಣು ಒಣಗಿದ ಮೇಲಷ್ಟೇ ನೀರು. ಮಳೆಗಾಲ ಮುಗೀಲಿ, ಉತ್ತರ ಹೇಳ್ತೀನಿ." ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳುವವನೋ ಅಲ್ಲವೋ, ಅವಳಿಗೆ ಅಷ್ಟು ತಿಳಿಯಬೇಕಿತ್ತು. ಗಿಡ ಸತ್ತಿದ್ದರೆ ಸಹಿಸಬಹುದಿತ್ತು. ಬದಲಿಸಿ ಮುಚ್ಚಿಡುವವನ ಜೊತೆ ಬದುಕುವುದು ಹೇಗೆ?

"ಆಫೀಸಲ್ಲಿ ಸ್ಯಾಟಲೈಟ್ ಫೋಟೋ ನೋಡಿ ಯಾವ ಹೊಲದಲ್ಲಿ ಯಾವ ಬೆಳೆ ಅಂತ ಹೇಳ್ತೀರಿ. ಅಂಗಳದ ಗಿಡ ಗೊತ್ತಾಗ್ಲಿಲ್ವಾ?"

"ಎರಡು ತಿಂಗಳು ಟ್ರೇನಿಂಗ್‌ಗೆ ಹೈದರಾಬಾದಲ್ಲಿದ್ದೆ. ಮೊನ್ನೆ ಬಂದೆ. ಹಸಿರಾಗಿತ್ತು, ಸೂಜಿ ಇತ್ತು..." ಅವಳ ಅಂಗೈ ಮೇಲಿದ್ದ ತುಂಡುಗಳಿಂದ ಅವನ ಕಣ್ಣು ಕದಲಲಿಲ್ಲ.

ಬಾಗಿಲಲ್ಲಿ ಚೊಂಬು ಹಿಡಿದು ನಿಂತಿದ್ದ ಅವನ ತಾಯಿ ಹೇಮಲತಾ ಮೆಲ್ಲಗೆ ಅಂದರು: "ನಾನೇ ಕಣಮ್ಮ. ಇವನು ಊರಲ್ಲಿ ಇಲ್ದಾಗ ದಿನಾ ತುಳಸಿಗೆ ನೀರು ಹಾಕಿ, ಅದಕ್ಕೂ ಒಂದು ಚೊಂಬು ಹಾಕ್ತಿದ್ದೆ. ನಿನ್ನ ಗಿಡ ಅಲ್ವಾ, ಒಣಗಿಸೋದು ಹೆಂಗೆ? ಬುಡ ಕೊಳೀತು. ನೀನು ಮದುವೆ ಬೇಡ ಅಂದ್ಬಿಟ್ರೆ ಅಂತ ಭಯ ಆಯ್ತು. ಅದರ ಥರಾನೇ ಇರೋದನ್ನ ತಂದು ನೆಟ್ಟೆ."

ರಾಘವ ಲೋಟವನ್ನು ಕಟ್ಟೆಯ ಮೇಲಿಟ್ಟ. "ನನಗಾದ್ರೂ ಹೇಳ್ಬಾರ್ದಿತ್ತಾ ಅಮ್ಮ?"

"ನಿನಗೆ ಹೇಳಿದ್ರೆ ಆ ಗಳಿಗೆಗೇ ಅವಳಿಗೆ ಫೋನ್ ಮಾಡ್ತಿರಲಿಲ್ವಾ? ನಿನ್ನ ಬಾಯಲ್ಲಿ ಏನು ನಿಲ್ಲುತ್ತೆ?"

ವಿಭಾ ಅವನತ್ತ ತಿರುಗಿದಳು. ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ.

"ಮಾಡ್ತಿದ್ದೆ," ಅಂದ. "ಇನ್ನೊಂದು ನೆಡೋಣ್ವಾ? ಮುಂದಿನ ಮಳೆಗಾಲದವರೆಗೆ ಕಾಯ್ತೀನಿ."

ಅವಳು ಅಂಗೈ ಕೊಡವಿ ಕಾಫಿ ಎತ್ತಿಕೊಂಡಳು. "ನೆಡೋಣ. ಕಾಯೋದು ಬೇಡ."

ಮುಂದಿನ ಭಾನುವಾರ ಮರಳು ಬೆರೆಸಿದ ಎತ್ತರದ ಮಡಿಯಲ್ಲಿ ಇನ್ನೊಂದು ಚಿರ್ ಪೈನ್ ನೆಟ್ಟರು. ಡಿಸೆಂಬರ್‌ನಲ್ಲಿ ಮದುವೆಯಾಯಿತು. ಗಾಳಿಮರವನ್ನು ಯಾರೂ ಕೀಳಲಿಲ್ಲ.