ಅಳಿಸದೆ ಬಿಟ್ಟ ಮೊಡವೆ

“ಸ್ವಲ್ಪ ಗದ್ದ ಎತ್ತಿ ಡಾಕ್ಟ್ರೇ... ಹಾಂ, ಹಾಗೇ ನಗ್ತಾ ಇರಿ!”

ಕ್ಯಾಮೆರಾ ಹಿಡಿದ ಇವನ ಬಾಯಲ್ಲಿ ಇಷ್ಟೊಂದು ಜೇನು ಯಾವಾಗಿನಿಂದ? ಸ್ಟುಡಿಯೊದ ಕೌಂಟರಿನಲ್ಲಿ ಕುಳಿತಿದ್ದ ನಮ್ಮ ಹುಡುಗಿಗೆ ಮೈಯೆಲ್ಲ ಉರಿಯಿತು.

ಬಂದಾಕೆ ಚರ್ಮರೋಗದ ಹೊಸ ಡಾಕ್ಟರು. ಕ್ಲಿನಿಕ್ಕಿನ ಬೋರ್ಡಿಗೆ ಫೋಟೊ ಬೇಕಂತೆ. ಕೆನ್ನೆಯೋ, ತೊಳೆದಿಟ್ಟ ತಟ್ಟೆ! ಹುಡುಗಿಯ ಕೈ ತನ್ನ ಮೊಡವೆಗಳನ್ನು ಮುಚ್ಚಿಕೊಂಡಿತು.

ಈ ಸ್ಟುಡಿಯೊದಲ್ಲಿ ಫೋಟೊ ತೆಗೆಯುವವನೂ ಅವನೇ, ಕಂಪ್ಯೂಟರಿನಲ್ಲಿ ಮೊಡವೆ ಅಳಿಸುವವನೂ ಅವನೇ. ಅವನ ಕೈಗೆ ಸಿಕ್ಕ ಮುಖವೆಲ್ಲ ನುಣ್ಣಗಾಗಿಯೇ ಹೊರಗೆ ಹೋಗುತ್ತಿತ್ತು. ಅವಳದೊಂದನ್ನು ಬಿಟ್ಟು! ಅವಳ ಗುರುತಿನ ಕಾರ್ಡಿನಲ್ಲಿ ಒಂದೊಂದು ಮೊಡವೆಯೂ ಹಾಗೇ ಇತ್ತು. ಅವಳು ಕಾರ್ಡನ್ನು ಉಲ್ಟಾ ತಿರುಗಿಸಿಯೇ ಹಾಕಿಕೊಳ್ಳುತ್ತಿದ್ದಳು.

‘ನಾನೇನು ಅವನ ಕಣ್ಣಿಗೆ ಮನುಷ್ಯಳೇ ಅಲ್ವಾ?’

ಒಳಗೆ ಪಿಸುಮಾತು ಕೇಳಿ ಪರದೆ ಸರಿಸಿದಳು. ಕಂಪ್ಯೂಟರಿನ ತುಂಬ ತನ್ನದೇ ಕೆನ್ನೆ! ಇಬ್ಬರೂ ಬಗ್ಗಿ ನೋಡುತ್ತಿದ್ದರು.

“ನನ್ನ ಮುಖ ನಿಮಗೆ ತಮಾಷೆನಾ? ನಾಳೆಯಿಂದ ನಾನು ಬರಲ್ಲ. ಇವರನ್ನೇ ಕೌಂಟರಲ್ಲಿ ಕೂರಿಸ್ಕೋ!”

ಡಾಕ್ಟರು ಮೆತ್ತಗೆ ಕೇಳಿದರು. “ಬೆಳ್ಳಗಾಗೋ ಕ್ರೀಮ್ ಏನಾದ್ರೂ ಹಚ್ತಿದ್ದೀಯಾಮ್ಮಾ?”

“ಚಿಕ್ಕಮ್ಮ ಕೊಟ್ಟಿದ್ದು...”

“ಅದರಲ್ಲಿ ಸ್ಟೆರಾಯ್ಡ್ ಇದ್ರೆ ಮೊಡವೆ ಇನ್ನೂ ಜಾಸ್ತಿ ಆಗುತ್ತೆ. ಹಾರ್ಮೋನಿಂದಲೂ ಬರುತ್ತೆ, ಚರ್ಮದ ಎಣ್ಣೆ ಒಳಗೇ ಕಟ್ಟಿಕೊಂಡ್ರೂ ಬರುತ್ತೆ. ಆ ಟ್ಯೂಬ್ ತಂದು ತೋರಿಸು. ಚಿವುಟಬೇಡ. ಹಚ್ಚೋಕೆ ಜೆಲ್ ಇದೆ, ಬಗ್ಗದಿದ್ರೆ ಮಾತ್ರೆ ಇದೆ. ಕೆಲವು ವಾರ ತಾಳ್ಮೆ ಬೇಕು ಅಷ್ಟೆ.” ಬ್ಯಾಗು ಎತ್ತಿಕೊಂಡು ನಕ್ಕರು. “ನನ್ನ ಕಣ್ಣ ಕೆಳಗಿನ ಕಪ್ಪು ಅಳಿಸ್ರೀ ಅಂದ್ರೆ, ಈ ಮಹಾರಾಯರು ನಿನ್ನ ಕೆನ್ನೆ ತೋರಿಸಿ ಔಷಧಿ ಕೇಳ್ತಿದ್ದಾರೆ!”

ಅವರು ಹೊರಟುಹೋದರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಕೇಳದೆ ತೋರಿಸಿದ್ದು ತಪ್ಪು ಕಣೋ.”

“ತಪ್ಪಾಯ್ತು. ನೀನು ಉರಿ ತಡೀಲಾರದೆ ಕೆನ್ನೆ ಒತ್ಕೊಂಡು ಕೂರೋದು ನೋಡಕ್ಕಾಗ್ಲಿಲ್ಲ.”

“ಮತ್ತೆ... ಎಲ್ಲರದ್ದೂ ಅಳಿಸಿ, ನನ್ನದು ಮಾತ್ರ ಯಾಕೆ ಬಿಟ್ಟೆ?”

ಅವನು ತಲೆ ತಗ್ಗಿಸಿದ. “ಅಳಿಸಿ ನೋಡ್ದೆ. ಯಾರೋ ಬೇರೆ ಹುಡುಗಿ ಅನ್ನಿಸ್ತು. ನಂಗೆ ಇಷ್ಟ ಆಗಿರೋದು ಈ ಮುಖ ಕಣೇ... ದಿನಾ ಎದುರಿಗೆ ಕೂರುತ್ತಲ್ಲ, ಇದೇ!”

ಅವಳ ಕಣ್ಣು ತುಂಬಿತು. ಕತ್ತಿನ ಕಾರ್ಡನ್ನು ಮೆಲ್ಲಗೆ ಸರಿಯಾಗಿ ತಿರುಗಿಸಿಕೊಂಡಳು.

“ನಾಳೆ ಬರ್ತೀಯಾ?”

“ಬರ್ತೀನಿ. ಆದ್ರೆ ಆ ಡಾಕ್ಟ್ರ ಹತ್ರ ಹಲ್ಲು ಕಿರಿಯೋದು ನಿಲ್ಸು!”

“ಅಯ್ಯೋ, ಹೊಟ್ಟೆಕಿಚ್ಚಾ?”

“ಹೂಂ, ಹೊಟ್ಟೆಕಿಚ್ಚೇ! ಅದಕ್ಕೆ ಅವರ ಹತ್ರ ಜೆಲ್ ಇಲ್ಲ... ನೀನೇ ಏನಾದ್ರೂ ಮಾಡು.”